ಹನ್ನೊಂದು ತೂತು

ಬಾಳಕ್ಕ ಅದನ್ನ ಟಂಟಂದಾಗ ಹಾಕ್ಕೊಂಡು ತಂದ್ಳು,
ಉದ್ಯಮಬಾಗದ ನನ್ನ ಶೆಡ್ಡಿಗೆ.
ಇಬ್ಬರು ಹಿಡಿದು ಇಳಿಸಿದ್ವಿ,
ಮಣಾ ಅನ್ನೂವಷ್ಟು ತೂಕದ ವೈಸು.
ಗಂಡನ ಗ್ಯಾರೇಜಿಂದು. ಈಗ ಆಕೀದು.
“ಬರೇ ಬಣ್ಣ ಹಚ್ಚಿದ್ರ ಆಗೂದಿಲ್ಲಣ್ಣಾ, ಈ ತೂತು ನೋಡು,
ಮೈಲಿ ಎದ್ದ ಮಾರಿ ಆಗೇತಿ.”

ಎಣಿಸಿದೆ. ಹನ್ನೊಂದು.
ಹಿಂದಿನ ಚಪ್ಪಟಿ ಜಾಗಾದಾಗ ಏಳು,
ದವಡಿ ಬುಡಕ್ಕ ಮೂರು,
ಕುತ್ತಿಗಿ ಮ್ಯಾಲ ಒಂದು, ಸಣ್ಣದು,
ಜಿಡ್ಡಿನಾಗ ಅರ್ಧ ಹೂತು ಹೋಗಿದ್ದು.

ಯಾರೂ ಬೇಕಂತ ಕೊರೆದವಲ್ಲ ಇವು.
ಕಬ್ಬಿಣದ ಪಟ್ಟಿಗೆ ತೂತು ಬೇಕಾಗಿತ್ತು,
ಕೆಳಗ ಕಟ್ಟಿಗಿ ಇಡಾಕ ಹೊತ್ತಿದ್ದಿಲ್ಲ ಯಾರಿಗೋ.
ಪಟ್ಟಿ ಮುಗೀತು, ಡ್ರಿಲ್ಲಿಗೆ ಗೊತ್ತಾಗಲಿಲ್ಲ.
ಆ ಪಟ್ಟಿ ಯಾವ ಗೇಟಿಗೆ ಹೋತೋ, ಯಾವ ಕಬ್ಬಿನ ಗಾಡಿಗೋ,
ಅವಸರ ಮಾತ್ರ ಇಲ್ಲೇ ಉಳೀತು,
ಅರ್ಧ ಇಂಚು ಆಳ.

ಎಲ್ಲಾರ ಮನಿ ದೋಸಿನೂ ತೂತು ಅಂತಾರ.
ನಾವು ರೊಟ್ಟಿ ತಿನ್ನೂ ಮಂದಿ.
ರೊಟ್ಟಿ ಹರಿದ್ರ ನಮ್ಮವ್ವ
ಚಿಟಿಕಿ ಹಸಿ ಹಿಟ್ಟು ಹಚ್ಚಿ ತಟ್ಟತಿದ್ಳು,
ಬೆಂದ ಮ್ಯಾಲ ಎಲ್ಲಿ ಹರಿದಿತ್ತು ಅನ್ನೂದು ಆಕೀಗೂ ಸಿಗತಿದ್ದಿಲ್ಲ.
ಬೀಡಿಗೆ ಹಂಗ ಹಚ್ಚಾಕ ಬರೂದಿಲ್ಲ.

ವೆಲ್ಡಿಂಗ್ ಹೊಡಿಯೋ ಮಾರಾಯಾ, ಅಂದ ಬಾಜೂ ಶೆಡ್ಡಿನ ಪರಸು.
ಬೀಡಿನ ಸಿಟ್ಟು ಅವಗ ಗೊತ್ತಿಲ್ಲ.
ಬೆಂಕಿ ಕೊಟ್ಟಾಗ ಸುಮ್ಮನ ಇರ್ತೈತಿ.
ನೀ ಚಾ ಕುಡಿಯೂ ಮುಂದ, ಅದು ಆರೂ ಮುಂದ,
ಟಿಕ್ ಅಂತೈತಿ.
ಅಷ್ಟ. ಕೂದಲಿನಷ್ಟು ಗೆರಿ.

ಬೀಡಿಗೆ ಬೀಡ ಬೇಕು.
ಮುರಿದ ಲೇಥಿನ ಕಾಲೊಂದು ಮೂಲ್ಯಾಗ ಬಿದ್ದಿತ್ತು,
ಅದರಿಂದ ಬೆಣಿ ತಿರುವಿದೆ.
ತೂತಿಗೆ ಬೆಂಕಿ ಹಿಡಿದ್ರ
ಎಷ್ಟು ವರ್ಷದ ಎಣ್ಣಿಯೋ, ಹೊಗಿಯಾಗಿ ಎದ್ದು
ಕಣ್ಣಿಗೆ ಬಂತು.
ಥ್ರೆಡ್ ಹಾಕಿದೆ. ಸುರುಳಿ ಬರೂದಿಲ್ಲ ಬೀಡಿಗೆ,
ಕಾಡಿಗಿಯಂಥಾ ಪುಡಿ,
ಮೂರು ದಿನ ಉಗುರಿನ ಸಂದ್ಯಾಗ ಇರ್ತೈತಿ.
ಬೆಣಿ ತಿರುವಿ ಕುಂದರಿಸಿ, ತಲಿ ಕೊಯ್ದು, ಸುತ್ತಿಗಿಲೆ ಬಡಿದು
ಅರಾ ಹಾಕಿದೆ, ಒರಟಂದು, ಆಮ್ಯಾಲ ನಯಂದು.
ಕಣ್ಣು ಮುಚ್ಚಿ ಉಗುರು ಎಳೆದೆ.
ಎಲ್ಲೂ ತಡೀಲಿಲ್ಲ.
ಹನ್ನೊಂದೂ ಮುಚ್ಚಿದೆ. ಮ್ಯಾಲ ಎರಡು ಕೈ ಹಸಿರು.

ಹದಿನೈದು ದಿನಕ್ಕ ಫೋನು ಬಂತು.
“ಅಣ್ಣಾ, ಇದು ಅಳಾಕತ್ತೈತಿ.”

ಕಾಕತಿಗೆ ಹೋದೆ. ಹಿಡಿಕಿ ತಿರುವಿದ್ರ
ಒಣ ಗಾಣದ ಹಂಗ ನರಳತಿತ್ತು.
ಗ್ವಾಡಿ ಮೊಳಿಗೆ ಎಣ್ಣಿ ಡಬ್ಬಿ ನೇತಾಡತಿತ್ತು,
ಉದ್ದ ಮೂಗಿಂದು, ತಳಕ್ಕ ಆಕಿ ಗಂಡನ ಹೆಬ್ಬೆರಳು ಒತ್ತಿ ಒತ್ತಿ
ಕುಣಿ ಬಿದ್ದಿತ್ತು.
ಆ ಮೂಗಿನ ತುದಿ ಎಷ್ಟು ಸಣ್ಣದು ಅಂತ ನೋಡಿದೆ.
ಕುತ್ತಿಗಿ ಮ್ಯಾಲಿನ ಆ ಒಂದು ನೆನಪಾತು.

ಅದು ಯಾರ ಅವಸರದ್ದೂ ಅಲ್ಲ.
ಎರಕ ಹೊಯ್ದವರು ಅಳತಿ ಹಿಡಿದು
ಸ್ಕ್ರೂವಿನ ನೆತ್ತಿಗೆ ಸರಿಯಾಗಿ ಇಟ್ಟಿದ್ದ ಬಾಯಿ.
ಇಪ್ಪತ್ತೆಂಟು ವರ್ಷದ ಕಸುಬು ನಂದು.
ಹತ್ತು ತೂತು ಮುಚ್ಚೂ ಭರಕ್ಕ
ಒಂದು ಬಾಯಿ ಮುಚ್ಚಿಬಿಟ್ಟಿದ್ದೆ.

ಹೇಳಿದೆ. ಬಾಳಕ್ಕ ನಗಲಿಲ್ಲ, ಬೈಲಿಲ್ಲ.
ಸ್ಕ್ರೂ ಬಿಚ್ಚಿ ತಗದ್ಳು.
ಡ್ರಿಲ್ಲು ಎತ್ತಿಕೊಂಡವಳು, ಏನೋ ನೆನಪಾದವರ ಹಂಗ ತಿರಗಿ ಕೆಳಗಿಟ್ಟು
ಒಂದು ಕಟ್ಟಿಗಿ ತುಂಡು ಹುಡುಕ್ಯಾಡಿ ತಂದು
ಒಳಗ ತುರುಕಿದ್ಳು.
ಆಮ್ಯಾಲ ಕೊರದ್ಳು.

ನನ್ನ ಬೆಣಿ ಈಗ ಬರೇ ಒಂದು ಉಂಗುರ.
ಹಸಿರು ಬಣ್ಣ ಸುತ್ತ ಕಿತ್ತು ಬಂದೇತಿ,
ಹಚ್ಚಿ ಕೊಡ್ಲೇನು ಅಂದೆ, ಬ್ಯಾಡ ಅಂದ್ಳು.
ಡಬ್ಬಿ ಇಳಿಸಿ, ಆ ಕುಣ್ಯಾಗ ತನ್ನ ಹೆಬ್ಬೆರಳು ಇಟ್ಟು
ಎರಡು ಹನಿ ಬಿಟ್ಳು.
ಕುಡೀತು.